ಪಿನ್ ಜಾಯಿಂಟ್‌ಗೆ 600 ವರ್ಷ: ಹಾರ್ಮಂಡ್ಸ್‌ವರ್ತ್ ಕಣಜದ ಪಾಠ

ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ‘ಪಿನ್ ಜಾಯಿಂಟ್’ ಅಂತ ಒಂದು ಪುಟ್ಟ ಸೊನ್ನೆ ಸುತ್ತಿ ಮುಂದಕ್ಕೆ ಹೋಗ್ತೀವಲ್ಲ, ಆ ಸೊನ್ನೆಯೊಳಗೆ ನಿಜವಾಗಿ ಏನಿರುತ್ತೆ? ಉತ್ತರ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್ ಹಳ್ಳಿಯಲ್ಲಿದೆ.

ಅಲ್ಲಿನ ಓಕ್ ಮರದ ಕಣಜವನ್ನು ವಿಂಚೆಸ್ಟರ್ ಕಾಲೇಜು 1426ರ ಸುಮಾರಿಗೆ ಕಟ್ಟಿಸಿತು. ಕೊಯ್ದ ಸಿವುಡುಗಳನ್ನು ಮಳೆಗೆ ಸಿಗದಂತೆ ಇಡಲು ಕಟ್ಟಿದ್ದು. ಉದ್ದ ಸುಮಾರು 58 ಮೀಟರ್, ಅಗಲ 11, ಎತ್ತರ 12 ಮೀಟರ್. ಒಟ್ಟು 12 ಅಂಕಣ.

ಭಾರ ಹೇಗೆ ಇಳಿಯುತ್ತದೆ?

ಒಳಗೆ ಎರಡು ಸಾಲು ಕಂಬ. ನಡುವೆ ಅಗಲವಾದ ಜಾಗ, ಆಚೀಚೆ ಎರಡು ಪಕ್ಕಸಾಲು. ಹೆಂಚಿನ ಭಾರ ಮೊದಲು ಜಂತೆಗೆ, ಅಲ್ಲಿಂದ ಉದ್ದ ತೊಲೆಗೆ, ಅಲ್ಲಿಂದ ಕಂಬಕ್ಕೆ ಬರುತ್ತದೆ. ಇಳಿಜಾರು ಮಾಡು ಕಂಬಗಳನ್ನು ಹೊರಗೆ ತಳ್ಳುತ್ತಲ್ಲ, ಅದನ್ನು ಅಡ್ಡತೊಲೆ ಎಳೆದು ಹಿಡಿಯುತ್ತದೆ. ಗಾಳಿಗೆ ಚೌಕಟ್ಟು ವಾಲದಂತೆ ಕಂಬ-ತೊಲೆ ಸೇರುವ ಮೂಲೆಗಳಲ್ಲಿ ಓರೆ ಆನಿಕೆಗಳಿವೆ: ನಮ್ಮ ಟ್ರಸ್‌ನ ತ್ರಿಕೋನವೇ! ಕಂಬಗಳು ನಿಂತಿರುವುದು ಕಲ್ಲಿನ ಮೇಲೆ. ನೆಲದ ತೇವ ಮರಕ್ಕೆ ಏರಬಾರದಲ್ಲ.

ಕೀಲಿನ ಗುಟ್ಟು

ತೊಲೆಯ ತುದಿಯಲ್ಲಿ ನಾಲಿಗೆ, ಕಂಬದಲ್ಲಿ ಅದಕ್ಕೆ ತಕ್ಕ ಕಂಡಿ. ಎರಡನ್ನೂ ದಾಟಿ ಹೋಗುವ ಒಂದು ಓಕ್ ಗೂಟ. ಆ ಕಾಲದ ಬಡಗಿಗಳು ನಾಲಿಗೆಯ ತೂತನ್ನು ಬೇಕಂತಲೇ ಕೂದಲೆಳೆಯಷ್ಟು ಒಳಕ್ಕೆ ಕೊರೆಯುತ್ತಿದ್ದರು. ಗೂಟ ಬಡಿದಾಗ ಅದು ಸ್ವಲ್ಪ ಬಾಗಿ ತೊಲೆಯನ್ನು ಕಂಬಕ್ಕೆ ಬಿಗಿಯಾಗಿ ಎಳೆಯುತ್ತದೆ. ಕೆಲಸ ನಡೆಯುತ್ತಿದ್ದುದು ಹಸಿ ಮರದಲ್ಲಿ. ವರ್ಷಗಟ್ಟಲೆ ಒಣಗುತ್ತಾ ಮರ ಕುಗ್ಗಿದರೂ ಎಳೆದು ಹಿಡಿದ ಕೀಲು ಸಡಿಲವಾಗುವುದಿಲ್ಲ. ಗೂಟ ಕೆಟ್ಟರೆ? ಹೊಡೆದು ತೆಗೆದು ಬೇರೆ ಹಾಕಿದರಾಯಿತು.

ಆದರೆ ಎಂಥ ಕೀಲೂ ಅಲಕ್ಷ್ಯವನ್ನು ತಡೆಯಲಾರದು. ಹೆಂಚು ಜಾರಿ ನೀರು ಸೋರಿದರೆ ಓಕ್ ಕೂಡ ಕೊಳೆಯುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಈ ಕಣಜಕ್ಕೂ ಅದೇ ಗತಿ ಬಂದಿತ್ತು. ಕೊನೆಗೆ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 20,000 ಪೌಂಡ್ ಕೊಟ್ಟು ಅದನ್ನು ಕೊಂಡು ದುರಸ್ತಿ ಮಾಡಿಸಿತು. ಮುಖ್ಯ ಚೌಕಟ್ಟಿನ ಬಹುಪಾಲು ಇವತ್ತಿಗೂ ಹಳೆಯ ಮರವೇ. ಹೀಥ್ರೂವಿನ ಮೂರನೇ ರನ್‌ವೇ ಯೋಜನೆಯ ಆತಂಕ ಮಾತ್ರ ಹಳ್ಳಿಯನ್ನು ಇನ್ನೂ ಬಿಟ್ಟಿಲ್ಲ.

ನಾವು ಡಿಸೈನ್ ಮಾಡುವಾಗ ‘ಎಷ್ಟು ಲೋಡ್ ತಡೆಯುತ್ತೆ?’ ಅಂತ ಲೆಕ್ಕ ಹಾಕ್ತೀವಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಬರೆದುಕೊಳ್ಳೋಣ: ‘ಕೆಟ್ಟ ಭಾಗವನ್ನಷ್ಟೇ ಬಿಚ್ಚಿ ಬದಲಾಯಿಸೋಕೆ ಆಗುತ್ತಾ?’ ಹಾರ್ಮಂಡ್ಸ್‌ವರ್ತ್‌ನ ಬಡಗಿಗಳು ಇದಕ್ಕೆ ಗೂಟದಲ್ಲೇ ಉತ್ತರ ಬರೆದಿಟ್ಟಿದ್ದಾರೆ.