ನಡು ಉಳುಕಿದ ಆಳು ಪುನಃ ಕೆಲಸಕ್ಕೆ ಬರುವ ಕ್ರಮ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಗಳ ಬೇಸಾಯವು ಬಹುಮಟ್ಟಿಗೆ ಆಳಿನ ಬೆನ್ನಿನ ಮೇಲೆ ನಿಂತಿರುವುದು. ರೇಷ್ಮೆ ಹುಳುವು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತಲೂ ಹೆಚ್ಚನ್ನು ನಾಲ್ಕನೆಯ ಜ್ವರದಿಂದೆದ್ದ ಮೇಲೆ ಸುಮಾರು ಒಂದು ವಾರದಲ್ಲಿಯೇ ತಿಂದುಬಿಡುತ್ತದೆ. ಆ ಅವಸರದಲ್ಲಿ ಸೊಪ್ಪಿನ ಹೊರೆ ಎತ್ತುವವನ ನಡು ಉಳುಕಿದರೆ, ಕೆಲವು ಯಜಮಾನರು ಮಾರನೆಯ ದಿನವೇ ಅವನಿಗೆ ಹೊರೆ ಹೊರಿಸುವರು. ಮತ್ತೆ ಕೆಲವರು, ಪೂರ್ತಿ ಗುಣವಾಗುವವರೆಗೆ ಬರಬೇಡವೆಂದು ಕಳುಹಿಸಿಬಿಡುವರು. ಈ ಎರಡೂ ಕ್ರಮಗಳಿಂದ ಆಳಿಗೂ ಬೇಸಾಯಕ್ಕೂ ನಷ್ಟವುಂಟು.

ಆಳು ಬೇಗ ಅಥವಾ ತಡವಾಗಿ ಕೆಲಸಕ್ಕೆ ಮರಳುವುದಕ್ಕೆ ಪೆಟ್ಟೊಂದೇ ಕಾರಣವಲ್ಲ. ಮುಖ್ಯವಾದ ಕಾರಣಗಳು ನಾಲ್ಕು.

1. ವಿಶ್ರಾಂತಿ: ಸಾಧಾರಣವಾದ ಉಳುಕು ಬಹುಮಂದಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಹುದಿನ ಮಲಗಿದ್ದರೆ ಮಾಂಸಖಂಡಗಳು ಬಲಗುಂದಿ, ಕೀಲುಗಳು ಬಿಗಿಯುವುವು. ಆದುದರಿಂದ ನೋವು ಸಹಿಸುವ ಮಟ್ಟಿಗೆ ಬೇಗನೆ ಎದ್ದು ನಡೆದಾಡತಕ್ಕದ್ದು.

2. ಭಯ: ಅಲುಗಾಡಿದರೆ ಬೆನ್ನು ಮುರಿದೀತೆಂಬ ಅಂಜಿಕೆಯುಳ್ಳವನು ಗುಣವಾಗುವುದು ತಡ.

3. ಕೆಲಸದ ಬಗೆ: ಬಗ್ಗುವ, ಭಾರವೆತ್ತುವ ಕೆಲಸವಲ್ಲದೆ ಹಗುರವಾದದ್ದು ದೊರೆಯದಿದ್ದರೆ ಅವನು ಮನೆಯಲ್ಲೇ ಉಳಿಯುವನು.

4. ಯಜಮಾನನ ನಡತೆ: ನಿನ್ನ ಕೆಲಸ ನಿನಗೇ ಇದೆಯೆಂಬ ಭರವಸೆಯು ದೊಡ್ಡ ಔಷಧ. ಕೆಲಸ ಬಿಟ್ಟ ಕಾಲವು ಉದ್ದವಾದಷ್ಟೂ ಮರಳಿ ಬರುವ ಸಂಭವವು ಕುಗ್ಗುತ್ತದೆ, ಸಾಲವು ಬೆಳೆಯುತ್ತದೆ.

ಹೆಗಲು ಹುಣ್ಣಾದ ಎತ್ತಿಗೆ ಬುದ್ಧಿವಂತನಾದ ರೈತನು ನೊಗ ಹೂಡುವುದಿಲ್ಲ. ಹಾಗೆಂದು ಮೇವು ನಿಲ್ಲಿಸುವುದೂ ಇಲ್ಲ. ಮನುಷ್ಯನ ವಿಷಯದಲ್ಲಿ ಇದಕ್ಕಿಂತ ಕಡಮೆಯಾದ ವಿವೇಕವು ಸಲ್ಲದು. ಮೊದಲು ಚಂದ್ರಿಕೆಯಿಂದ ಗೂಡು ಬಿಡಿಸುವುದು, ಬಿತ್ತನೆಯ ಕಡಲೆಕಾಯಿ ಸುಲಿಯುವುದು, ಟೊಮೇಟೊ ವಿಂಗಡಿಸುವುದು ಮುಂತಾದ ಕೆಲಸಗಳನ್ನು ಅರ್ಧ ದಿನ ಕೊಡಬಹುದು. ಆದರೆ ಒಂದೇ ಸಮನೆ ಕೂರಿಸದೆ ನಡುನಡುವೆ ಎದ್ದು ತಿರುಗಾಡಲು ಬಿಡಬೇಕು. ಸಹಿಸಿದಂತೆಲ್ಲಾ ಪೂರ್ತಿ ದಿನದ ಕೆಲಸ, ಅನಂತರ ಸಣ್ಣ ಹೊರೆ, ಕಡೆಗೆ ಹಿಂದಿನ ಕೆಲಸ, ಈ ಮೇರೆಗೆ ಏರಿಸತಕ್ಕದ್ದು.

ಕಾಲಿನಲ್ಲಿ ಬಲ ತಗ್ಗಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಜ್ವರವು ಕೂಡಿದರೆ ಅಥವಾ ಮೂಳೆ ಮುರಿದಿದೆಯೆಂಬ ಶಂಕೆಯಿದ್ದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಮುರಿದ ಕೈಕಾಲಿಗೆ ಅತಿ ಬಿಗಿಯಾಗಿ ಕಟ್ಟು ಹಾಕಿದರೆ ರಕ್ತಸಂಚಾರವು ನಿಂತು, ಅಂಗವೇ ಕೊಳೆಯಬಹುದು.

ಮತ್ತೆ ಉಳುಕದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗವೇ ಆಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ, ವಯಸ್ಕ ಗಂಡಾಳು ಹೊರುವ ಭಾರವು 55 ಕಿಲೋಗ್ರಾಂ ಮೀರಬಾರದೆಂದು ಶಿಫಾರಸು ಮಾಡಿತು. ಮೂಟೆಗಳನ್ನು ಚಿಕ್ಕದಾಗಿ ಕಟ್ಟಿಸಿ, ಸೊಪ್ಪು ಸಾಗಿಸಲು ತಳ್ಳುಗಾಡಿಯನ್ನು ಒದಗಿಸುವುದು ಒಳ್ಳೆಯದು.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಅಪಘಾತದಿಂದಾದ ಮರಣ ಮತ್ತು ಶಾಶ್ವತ ಅಂಗವೈಕಲ್ಯಗಳಿಗೆ ಮಾತ್ರ ಹಣವನ್ನು ಕೊಡತಕ್ಕದ್ದಾಗಿದೆ. ಉಳುಕಿದ ನಡುವಿಗೆ ಅದು ದೊರೆಯದು. ಆ ಕೆಲವು ವಾರಗಳ ಮಟ್ಟಿಗೆ ಆಳಿನ ಸಂಸಾರಕ್ಕೆ ಆಸರೆಯಾಗತಕ್ಕವನು ಭೂಮಾಲಿಕನೇ. ಗ್ರಾಮದ ಮುಖ್ಯಸ್ಥರು ಈ ವಿಷಯವನ್ನು ಹಿಪ್ಪುನೇರಳೆಯ ಮುಂದಿನ ಕಟಾವಿಗೆ ಮೊದಲೇ ತಮ್ಮ ಊರಿನ ರೈತರಿಗೆ ತಿಳಿಯಪಡಿಸುವುದು ಉಚಿತ.