ಹೊಸ ಪಾರ್ಟ್ ಕೊಳ್ಳುವ ಮೊದಲು, ಮಗಳೇ

ಮಗಳೇ,

ನೀನು ಹಳೇ ಮಸ್ಟ್ಯಾಂಗ್ ಕೊಂಡ ಸುದ್ದಿ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಹೇಳಿದ ಅನ್ನುವುದಕ್ಕಿಂತ ದೂರು ಕೊಟ್ಟ ಅನ್ನಬೇಕು. ನನ್ನ ಗಾಳಿ ಸೋಕಿಯೇ ಹೀಗಾಯಿತಂತೆ. ಇರಲಿ, ಅವನ ಜೊತೆ ನಾನು ಮಾತಾಡಿಕೊಳ್ಳುತ್ತೇನೆ. ನೀನು ಕಳಿಸಿದ ಫೋಟೋಗಳನ್ನು ದೊಡ್ಡಮ್ಮನ ಐಪ್ಯಾಡಿನಲ್ಲಿ ದೊಡ್ಡದು ಮಾಡಿ ನೋಡಿದೆ. ಜೊತೆಗಿದ್ದ ಪಟ್ಟಿಯನ್ನೂ ಓದಿದೆ: ದೊಡ್ಡ ಕಾರ್ಬುರೇಟರ್, ಅಲ್ಯುಮಿನಿಯಂ ಹೆಡ್, ಹೊಸ ಎಕ್ಸಾಸ್ಟ್, 17 ಇಂಚಿನ ವೀಲ್. ಪಟ್ಟಿ ಚೆನ್ನಾಗಿದೆ. ಸದ್ಯಕ್ಕೆ ಮಡಚಿ ಒಳಗಿಡು.

ಯಾಕೆ ಅಂತ ಹೇಳುತ್ತೇನೆ. ನಿನ್ನ ಕೈಗೆ ಬಂದಿರುವುದು ಫೋರ್ಡ್ ಕಂಪನಿ ಕಟ್ಟಿ ಕಳಿಸಿದ ಕಾರಲ್ಲ. ಎಷ್ಟೋ ಬಾಡಿಗೆದಾರರು ಇದ್ದುಹೋದ ಮನೆ ಅದು. ಯಾರು ಎಲ್ಲಿ ಮೊಳೆ ಹೊಡೆದರು, ಯಾವ ಗೋಡೆ ಒಡೆದು ಮುಚ್ಚಿದರು ಅನ್ನುವುದು ಮೇಲಿನ ಬಣ್ಣ ನೋಡಿದರೆ ತಿಳಿಯುವುದಿಲ್ಲ. ಮೂಲ ಸ್ಥಿತಿಯಲ್ಲೇ ಉಳಿದ ಕಾರಾದರೆ ಆ ಕಾಲದ ಶಾಪ್ ಮ್ಯಾನ್ಯುವಲ್ ತೆರೆದಿಟ್ಟುಕೊಂಡು ಕೆಲಸ ಮಾಡಬಹುದು. ಮಾಡಿಫೈ ಆದ ಕಾರಿಗೆ ಆ ಪುಸ್ತಕ ಅರ್ಧ ಮಾತ್ರ ಅನ್ವಯಿಸುತ್ತದೆ. ಯಾವ ಅರ್ಧ ಅನ್ನುವುದನ್ನು ಮೊದಲು ಪತ್ತೆ ಮಾಡಬೇಕು.

ಪತ್ತೆ ಕೆಲಸವನ್ನು ನಾನು ಇಲ್ಲಿಂದಲೇ ಶುರು ಮಾಡಿದ್ದೇನೆ. ಬಾನೆಟ್ ಎತ್ತಿ ತೆಗೆದ ಫೋಟೋದಲ್ಲಿ, ಡ್ರೈವರ್ ಬದಿಯ ಫೆಂಡರಿನ ಒಳಭಾಗದಲ್ಲಿ ಕೊರೆದ ನಂಬರಿನ ಮೊದಲ ಅಕ್ಷರಗಳು ಕಾಣುತ್ತವೆ: 6F07T. 6 ಅಂದರೆ 1966. F ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. 07 ಅಂದರೆ ಹಾರ್ಡ್‌ಟಾಪ್. ಕೊನೆಯ T ಮುಖ್ಯ. ಅದು 200 ಕ್ಯೂಬಿಕ್ ಇಂಚಿನ, 120 ಎಚ್‌ಪಿಯ ಆರು ಸಿಲಿಂಡರ್ ಎಂಜಿನ್ನಿನ ಗುರುತು. ನಿನ್ನ ಕಾರಿನಲ್ಲಿ ಈಗ ಕೂತಿರುವುದು 1980ರ ದಶಕದ ಕೊನೆಯ ಮಸ್ಟ್ಯಾಂಗಿನಿಂದ ಕಿತ್ತು ತಂದ 5.0 ಎಚ್‌ಓ, ಎಂಟು ಸಿಲಿಂಡರ್, 225 ಎಚ್‌ಪಿ. ಮೇಲೆ ಕೂರಿಸಿದ ಕಾರ್ಬುರೇಟರ್ ಬೇರೆ ಯಾವುದೋ ಎಂಜಿನ್ನಿನದು. 1966ರ 120 ಅನ್ನುವ ಲೆಕ್ಕ ಫ್ಯಾನ್, ಮಫ್ಲರ್ ಏನೂ ಇಲ್ಲದೆ ಬೆಂಚಿನ ಮೇಲೆ ಅಳೆದದ್ದು. 1972ರಿಂದ ಈಚೆಗಿನ ಲೆಕ್ಕ ಎಲ್ಲವನ್ನೂ ಜೋಡಿಸಿ ಅಳೆದದ್ದು. ಹಾಗಾಗಿ ನಿಜವಾದ ಅಂತರ ಕಾಗದದ ಮೇಲೆ ಕಾಣುವುದಕ್ಕಿಂತ ಜಾಸ್ತಿ.

ಮಾರಿದವನು ಸುಳ್ಳು ಹೇಳಿಲ್ಲ. ವಿ8 ಅಂದ, ವಿ8 ಇದೆ. ಆದರೆ ಇನ್ನೊಂದು ಫೋಟೋದಲ್ಲಿ ಚಕ್ರ ನೋಡು. ನಾಲ್ಕು ನಟ್. ಆ ಕಾಲದ ಮಸ್ಟ್ಯಾಂಗಿನಲ್ಲಿ ಆರು ಸಿಲಿಂಡರ್ ಕಾರಿಗೆ ನಾಲ್ಕು ನಟ್, ವಿ8ಗೆ ಐದು. ಅಂದರೆ ಎಂಜಿನ್ ಬದಲಾಯಿಸಿದ ಮಹಾನುಭಾವ ಅದರ ಕೆಳಗಿನದ್ದೇನನ್ನೂ ಮುಟ್ಟಿಲ್ಲ. ಬ್ರೇಕು ಅದೇ 9 ಇಂಚಿನ ಡ್ರಮ್, ಹಿಂದೆ ಅದೇ ಸಣ್ಣ ಆಕ್ಸಲ್, ಸ್ಟಿಯರಿಂಗಿನ ಕಡ್ಡಿಗಳೂ ಹಗುರ ಕಾರಿನವು. ಮಾಸ್ಟರ್ ಸಿಲಿಂಡರಿನ ಮೇಲೆ ಒಂದೇ ಮುಚ್ಚಳ, ಒಳಗೆ ಒಂದೇ ಕೋಣೆ. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕು ಚಕ್ರಕ್ಕೂ ಒಟ್ಟಿಗೆ ಬ್ರೇಕಿಲ್ಲ. ಫೋರ್ಡ್ ಮಸ್ಟ್ಯಾಂಗಿಗೆ ಎರಡು ಕೋಣೆಯ ಸಿಲಿಂಡರ್ ಕೊಟ್ಟಿದ್ದು 1967ರಲ್ಲಿ, ಸರ್ಕಾರ ಕಡ್ಡಾಯ ಮಾಡಿದ್ದು 1968ರಲ್ಲಿ.

ನಾನು ಬ್ರೇಕ್ ವಿಭಾಗದಲ್ಲೇ ಕೂದಲು ಹಣ್ಣು ಮಾಡಿಕೊಂಡವನು, ನನ್ನ ಪಕ್ಷಪಾತ ನಿನಗೆ ಗೊತ್ತಿರಲಿ. ಆದರೂ ಹೇಳುತ್ತೇನೆ: ಈ ಕಾರು ಇವತ್ತು ಇರುವ ಸ್ಥಿತಿಯಲ್ಲಿ ಹೈವೇಗೆ ಹೋಗಕೂಡದು. ನಿನ್ನ ಮೊದಲ ದುಡ್ಡು ಇಲ್ಲಿಗೆ. ಮುಂದೆ ವಿ8 ಕಾರಿನ ಸ್ಪಿಂಡಲ್ ಮತ್ತು ಡಿಸ್ಕ್ ಬ್ರೇಕ್, ಹಿಂದೆ ಐದು ನಟ್ಟಿನ 8 ಇಂಚಿನ ಆಕ್ಸಲ್, ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಹೊಸ ಪೈಪುಗಳು, ಒಂದು ಪ್ರೊಪೋರ್ಷನಿಂಗ್ ವಾಲ್ವ್. ಡಿಸ್ಕ್ ಹಾಕುವಾಗ ಡ್ರಮ್ಮಿನ ಕಾಲದ ರೆಸಿಡ್ಯುಯಲ್ ವಾಲ್ವ್ ಮುಂದಿನ ಲೈನಿನಲ್ಲಿ ಉಳಿಯದಂತೆ ನೋಡಿಕೋ. ಉಳಿದರೆ ಪ್ಯಾಡು ಸದಾ ಉಜ್ಜುತ್ತಾ ಕಾಯುತ್ತದೆ. ಎಲ್ಲ ಮುಗಿದ ಮೇಲೆ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಜೋರಾಗಿ ಬ್ರೇಕ್ ಒತ್ತಿ, ಹೊರಗೆ ನಿಂತ ಒಬ್ಬರಿಗೆ ಯಾವ ಚಕ್ರ ಮೊದಲು ಲಾಕ್ ಆಯಿತು ಅಂತ ನೋಡಲು ಹೇಳು. ಹಿಂದಿನದು ಮೊದಲು ಲಾಕ್ ಆದರೆ ಕಾರು ಗಿರ್ರನೆ ತಿರುಗುತ್ತದೆ. ವಾಲ್ವ್ ತಿರುಗಿಸಿ ಸರಿ ಮಾಡುವವರೆಗೂ ಲಾಟ್ ಬಿಟ್ಟು ಹೊರಡಬೇಡ.

ಇನ್ನು ತುಕ್ಕು. ನೀನಿರುವ ಓಹಾಯೋದಲ್ಲೂ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಈ ಕಾರನ್ನು ಎಷ್ಟು ವರ್ಷ ತಿಂದಿದೆಯೋ. ಇದಕ್ಕೆ ಬೇರೆ ಚಾಸಿ ಇಲ್ಲ, ಫ್ಲೋರು ಮತ್ತು ಅದಕ್ಕೆ ಬೆಸೆದ ರೈಲುಗಳೇ ಇಡೀ ಕಾರಿನ ಬಲ. ಫ್ರಿಜ್ಜಿಗೆ ಅಂಟಿಸುವ ತೆಳು ಅಯಸ್ಕಾಂತ ತಗೊಂಡು ಬಾಡಿ ಸುತ್ತ ಸವರು. ಕಚ್ಚದ ಕಡೆ ಬಣ್ಣದ ಕೆಳಗೆ ಪುಟ್ಟಿ ಇದೆ ಅಂತ ಅರ್ಥ. ಇಲ್ಲಿನವರು ಬಾಂಡೋ ಅನ್ನುತ್ತಾರೆ. ನಮ್ಮೂರ ಟಿಂಕರಿಂಗ್ ಶಾಪಿನವರು ಮೆತ್ತುವ ಅದೇ ಪುಟ್ಟಿ. ಆಮೇಲೆ ವಿಂಡ್‌ಶೀಲ್ಡಿನ ಬುಡದಲ್ಲಿರುವ ಗಾಳಿ ಜಾಲರಿಗೆ ಒಂದು ಜಗ್ ನೀರು ಸುರಿದು, ಕಾರ್ಪೆಟ್ ಎತ್ತಿ ಕಾಲಿಡುವ ಜಾಗ ನೋಡು. ನೀರು ಮುಂದಿನ ಚಕ್ರದ ಹಿಂದುಗಡೆ ಹೊರಗೆ ಇಳಿಯಬೇಕು. ಒಳಗೆ ತೊಟ್ಟಿಕ್ಕಿದರೆ ಕೌಲ್ ತೂತಾಗಿದೆ. ಈ ಮಾಡೆಲಿನ ಹಳೇ ಕಾಯಿಲೆ ಅದು. ರಿಪೇರಿಗೆ ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಕೊರೆದು ತೆಗೆಯಬೇಕು, ಕೈಯಲ್ಲಿ ಕಾಸಿನ ಜೊತೆ ತಾಳ್ಮೆಯೂ ಬೇಕು. ಪೇಂಟ್ ಮಾಡಿಸುವ ಯೋಚನೆಯಿದ್ದರೆ ಈ ಜಗ್ಗಿನ ಪರೀಕ್ಷೆ ಆದ ಮೇಲೆಯೇ.

ಈಗ ನಿನ್ನ ಮುಖ್ಯ ದೂರಿಗೆ ಬರೋಣ. "ಪಿಕಪ್ ಇಲ್ಲ ದೊಡ್ಡಪ್ಪ, ಎಕ್ಸಲರೇಟರ್ ಒತ್ತಿದರೆ ಕಾರ್ಬುರೇಟರಿನೊಳಗೆ ಪಟಾಕಿ ಹೊಡೆದಂಗೆ ಆಗುತ್ತೆ, ಗ್ಯಾರೇಜಿನವರು ದೊಡ್ಡ ಕಾರ್ಬುರೇಟರ್ ಹಾಕಿಸಿ ಅಂತಾರೆ" ಅಂತ ಬರೆದಿದ್ದೀಯ. ಬೇಡ. ಕಾಸು ಬಿಚ್ಚಬೇಡ. ಸ್ಪಾರ್ಕ್ ಪ್ಲಗ್ ವೈರುಗಳ ಫೋಟೋವನ್ನು ನಾನು ತುಂಬಾ ಹೊತ್ತು ನೋಡಿದೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ವೈರುಗಳು ಹೊರಟಿರುವ ಸರದಿ 1-5-4-2-6-3-7-8. ಫೋರ್ಡಿನ ಹಳೇ 289 ಮತ್ತು 302 ಎಂಜಿನ್ನುಗಳ ಫೈರಿಂಗ್ ಆರ್ಡರ್ ಅದು. 1966ರ ಪುಸ್ತಕದಲ್ಲಿ ಅದೇ ಇದೆ. ಆದರೆ 5.0 ಎಚ್‌ಓಗೆ ಬೇರೆ ಕ್ಯಾಮ್‌ಶಾಫ್ಟ್. ಅದರ ಸರದಿ 1-3-7-2-6-5-4-8.

ಎರಡನ್ನೂ ಒಂದರ ಕೆಳಗೊಂದು ಬರೆದು ನೋಡು. 1, 2, 6, 8 ಎರಡರಲ್ಲೂ ಅದದೇ ಜಾಗದಲ್ಲಿವೆ. 3 ಮತ್ತು 5 ಜಾಗ ಬದಲಾಯಿಸಿವೆ, 4 ಮತ್ತು 7 ಕೂಡ. ಹೀಗಾಗಿ ಎಂಜಿನ್ ಸ್ಟಾರ್ಟ್ ಆಗುತ್ತದೆ, ನಾಲ್ಕು ಸಿಲಿಂಡರಿನಲ್ಲಿ ಓಡುತ್ತದೆ, ಉಳಿದ ನಾಲ್ಕು ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಪಡೆದು ಕಾರ್ಬುರೇಟರಿನೊಳಗೆ ಗುಡುಗುತ್ತವೆ. ಅದನ್ನು ಕೇಳಿದವರು ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಳ್ಳುವುದು ಸಹಜ.

ನನ್ನ ಮಾತನ್ನೂ ನಂಬಬೇಡ; ಕ್ಯಾಮ್ ಮತ್ತೆ ಬದಲಾಗಿರಬಹುದು, ಯಾರಿಗೆ ಗೊತ್ತು? ಬ್ಯಾಟರಿ ತೆಗೆದು ಪ್ಲಗ್‌ಗಳನ್ನೆಲ್ಲ ಬಿಚ್ಚು. ಈ ಎಂಜಿನ್ನಿನಲ್ಲಿ ಪ್ಯಾಸೆಂಜರ್ ಬದಿಯಲ್ಲಿ ಮುಂದಿನಿಂದ 1, 2, 3, 4. ಡ್ರೈವರ್ ಬದಿಯಲ್ಲಿ 5, 6, 7, 8. ಸ್ನೇಹಿತೆ ಒಬ್ಬಳಿಗೆ ಕ್ರ್ಯಾಂಕಿನ ಬೋಲ್ಟಿಗೆ ರ‍್ಯಾಚೆಟ್ ಹಾಕಿ ಓಡುವ ದಿಕ್ಕಿಗೆ ನಿಧಾನ ತಿರುಗಿಸಲು ಹೇಳು. 1ರ ತೂತಿನ ಮೇಲೆ ಹೆಬ್ಬೆರಳಿಡು. ಗಾಳಿ ಬೆರಳನ್ನು ತಳ್ಳುತ್ತದೆ, ಆಮೇಲೆ ಬ್ಯಾಲೆನ್ಸರ್ ಮೇಲಿನ ಗೆರೆ ಸೊನ್ನೆಗೆ ಬರುತ್ತದೆ. ಅಲ್ಲಿಂದ ಕಾಲು ಸುತ್ತು ಮುಂದೆ. ಈಗ ತಳ್ಳುವುದು 3ರ ತೂತಿನ ಗಾಳಿಯೋ, 5ರದೋ? 3 ಆದರೆ ಎಚ್‌ಓ ಕ್ಯಾಮ್, ವೈರುಗಳನ್ನು ಹೊಸ ಸರದಿಗೆ ಹಾಕು. ಒಂದು ಸೆಂಟ್ ಖರ್ಚಿಲ್ಲ.

ಅದೇ ಎಂಜಿನ್ನಿನಲ್ಲಿ ಇನ್ನೆರಡು ಗುಮಾನಿ ನನಗಿದೆ. 5.0ದ ರೋಲರ್ ಕ್ಯಾಮ್ ಉಕ್ಕಿನದು. ಅದಕ್ಕೆ ಹಳೇ ಡಿಸ್ಟ್ರಿಬ್ಯೂಟರ್ ಹಾಕಿದರೆ ಅದರ ಬೀಡುಕಬ್ಬಿಣದ ಗೇರ್ ಸವೆದು ಪುಡಿಯಾಗಿ ಆಯಿಲ್‌ಗೆ ಸೇರುತ್ತದೆ. ನಿನ್ನ ಫೋಟೋದಲ್ಲಿರುವ ಡಿಸ್ಟ್ರಿಬ್ಯೂಟರ್ ಹಳೇ ಕಾಲದ್ದರಂತೆಯೇ ಕಾಣುತ್ತಿದೆ. ಎತ್ತಿ, ಗೇರಿನ ಹಲ್ಲು ನೋಡು. ಚೂಪಾಗಿದ್ದರೆ ಉಕ್ಕಿನ ಗೇರ್ ಹಾಕಿಸಿ, ಆಯಿಲ್ ಫಿಲ್ಟರ್ ಕತ್ತರಿಸಿ ಒಳಗೆ ಮಿನುಗುವ ಪುಡಿ ಇದೆಯೇ ಅಂತಲೂ ನೋಡು. ಎರಡನೆಯದು ನೀನು ಹೇಳಿದ ನಡುಕ. 302ರ ಹಳೇ ಎಂಜಿನ್ನಿಗೆ 28 ಔನ್ಸ್ ಲೆಕ್ಕದ ಫ್ಲೈವೀಲ್, 1980ರ ದಶಕದ್ದಕ್ಕೆ 50 ಔನ್ಸಿನದು. ಅದಲು ಬದಲಾದರೂ ಬೋಲ್ಟುಗಳು ಸಲೀಸಾಗಿ ಕೂರುತ್ತವೆ, ಅದೇ ತೊಂದರೆ. ಮುಂದಿನ ಬ್ಯಾಲೆನ್ಸರಿಗೂ ಇದೇ ಮಾತು. ವೈರ್ ಸರಿ ಮಾಡಿದ ಮೇಲೂ ನಡುಕ ನಿಲ್ಲದಿದ್ದರೆ ಗೇರ್‌ಬಾಕ್ಸ್ ಇಳಿಸಿಯೇ ನೋಡಬೇಕು.

ಒಂದು ಸಮಾಧಾನದ ಸಂಗತಿಯೂ ಇದೆ. ಈ ಎಂಜಿನ್ ಹುಟ್ಟಿದ್ದೇ ಸೀಸವಿಲ್ಲದ ಪೆಟ್ರೋಲಿಗೆ. ಹಳೇ ಎಂಜಿನ್ ಇಟ್ಟುಕೊಂಡವರು ವಾಲ್ವ್ ಸೀಟು ಸವೆಯುತ್ತದೆ, ಇವತ್ತಿನ ಆಯಿಲ್‌ನಲ್ಲಿ ಜಿಂಕ್ ಕಡಿಮೆಯಾಗಿ ಕ್ಯಾಮ್ ಕೂಡ ಸವೆಯುತ್ತದೆ ಅಂತ ಒದ್ದಾಡುತ್ತಾರೆ. ರೋಲರ್ ಕ್ಯಾಮಿನವರಿಗೆ ಆ ಚಿಂತೆ ಇಲ್ಲ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಹೋಸ್ ಮಾತ್ರ ತಡೆಯುವುದಿಲ್ಲ, ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ಬದಲಾಯಿಸು.

ಈ T ಅಕ್ಷರದ ಬಗ್ಗೆ ಬೇಜಾರು ಮಾಡಿಕೊಳ್ಳಬೇಡ. ನಂಬರಿನಲ್ಲಿ K ಇದ್ದಿದ್ದರೆ, ಅಂದರೆ 271 ಎಚ್‌ಪಿಯ ಹೈ ಪರ್ಫಾರ್ಮೆನ್ಸ್ 289, ಡ್ರಿಲ್ಲಿಂಗ್ ಮೆಷಿನ್ನನ್ನು ಅದರ ಹತ್ತಿರಕ್ಕೂ ತರಬೇಡ ಅಂತ ಹೇಳುತ್ತಿದ್ದೆ. 1966ರ ಒಂದೇ ಮಾಡೆಲ್ ವರ್ಷದಲ್ಲಿ ಆರು ಲಕ್ಷಕ್ಕೂ ಮೀರಿ ಮಸ್ಟ್ಯಾಂಗ್ ಹೊರಬಂದವು, ಆರು ಸಿಲಿಂಡರ್ ಹಾರ್ಡ್‌ಟಾಪುಗಳಿಗೆ ಬರವಿಲ್ಲ. ಹಿಂದಿನವರು ಆಗಲೇ ಮೂಲ ರೂಪ ಕೆಡಿಸಿದ್ದಾರೆ. ಹಾಗಾಗಿ ನಿನಗೆ ಸ್ವಾತಂತ್ರ್ಯವಿದೆ. ಮಾರುವ ದಿನ ಬಂದಾಗ ಮಾತ್ರ T ಅನ್ನುವುದನ್ನು ಮೊದಲು ಹೇಳಿ ಆಮೇಲೆ ಬೆಲೆ ಹೇಳು. ಇನ್ಶೂರೆನ್ಸನ್ನು ಇವತ್ತೇ ಅಗ್ರೀಡ್ ವ್ಯಾಲ್ಯೂ ಲೆಕ್ಕದಲ್ಲಿ ಮಾಡಿಸು. ಮಾಮೂಲಿ ಪಾಲಿಸಿಯವರು ಹಳೇ ಗಾಡಿ ಅಂತ ಪುಡಿಗಾಸು ಕೊಟ್ಟು ಕೈತೊಳೆಯುತ್ತಾರೆ.

ಆ ಸ್ವಾತಂತ್ರ್ಯದಲ್ಲಿ ಏನು ಮಾಡಬಹುದು ಅಂತ ಕೇಳಿದರೆ, ನನ್ನ ಮೊದಲ ಆಯ್ಕೆ 17 ಇಂಚಿನ ವೀಲ್ ಅಲ್ಲ. ಫೋರ್ಡಿನಲ್ಲಿ ಕ್ಲಾಸ್ ಆರ್ನಿಂಗ್ ಅನ್ನುವ ಸಸ್ಪೆನ್ಷನ್ ಎಂಜಿನಿಯರ್ ಇದ್ದರು. ಮುಂದಿನ ಮೇಲ್ತೋಳು ಕೂರುವ ತೂತುಗಳನ್ನು ಸುಮಾರು ಒಂದು ಇಂಚು ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ ಅನ್ನುವ ಲೆಕ್ಕ ಅವರದು. ಕ್ಯಾರಲ್ ಶೆಲ್ಬಿ 1965ರ ಜಿಟಿ350ಯಲ್ಲಿ ಅದನ್ನೇ ಬಳಸಿದರು. ಜನ ಈಗ ಶೆಲ್ಬಿ ಡ್ರಾಪ್ ಅನ್ನುತ್ತಾರೆ, ಹೆಸರು ಯಾವಾಗಲೂ ಕಾರು ಮಾರಿದವನಿಗೇ ಹೋಗುತ್ತದೆ. ಖರ್ಚು ಅಂದರೆ ಒಂದು ಟೆಂಪ್ಲೇಟು, ಒಂದು ಒಳ್ಳೇ ಡ್ರಿಲ್ ಬಿಟ್, ಕೊನೆಗೊಂದು ಅಲೈನ್‌ಮೆಂಟ್. ಕೊರೆಯುವ ಮುಂಚೆ ಶಾಕ್ ಟವರುಗಳಲ್ಲಿ ಬಿರುಕಿದೆಯೇ ನೋಡು. ಅಲೈನ್‌ಮೆಂಟಿಗೆ ಹೋದಾಗ 1966ರ ಅಂಕಿ ಕೊಡಬೇಡ, ಅದು ಆ ಕಾಲದ ಬಯಾಸ್ ಟೈರಿಗೆ ಬರೆದದ್ದು. ರೇಡಿಯಲ್ಲಿಗೆ ಪಾಸಿಟಿವ್ ಕ್ಯಾಸ್ಟರ್ ಹೆಚ್ಚು ಬೇಕು.

ಅದರ ಜೊತೆಗೇ ಮೂರು ಪಾಯಿಂಟಿನ ಸೀಟ್ ಬೆಲ್ಟ್. ಈಗಿರುವುದು ಬರೀ ಸೊಂಟದ ಪಟ್ಟಿ, ಮುಂದಿರುವ ಸ್ಟಿಯರಿಂಗ್ ಕಾಲಮ್ಮು ಪೆಟ್ಟಿಗೆ ಮಡಚಿಕೊಳ್ಳದ ಉದ್ದನೆಯ ಸಲಾಕೆ. ಹಿಂದೆ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಹಿಂದಿನ ಸೀಟಿಗೂ ಅದಕ್ಕೂ ನಡುವೆ ಬರೀ ರಟ್ಟು ಮತ್ತು ಬಟ್ಟೆ. ಅಲ್ಲೊಂದು ಉಕ್ಕಿನ ತಗಡು ಬೆಸೆಸು. ನಿಮ್ಮಪ್ಪನಿಗೆ ಈ ಪ್ಯಾರಾ ಓದಿ ಹೇಳಬೇಡ.

ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಬ್ರೇಕ್ ಪ್ಯಾಡ್ ಯಾವ ಕಾರಿನದು, ಬೇರಿಂಗ್ ನಂಬರ್ ಏನು, ಯಾವ ಬಣ್ಣದ ವೈರ್ ಎಲ್ಲಿಗೆ ಹೋಗುತ್ತದೆ, ಎಲ್ಲವೂ. ಫೈರಿಂಗ್ ಆರ್ಡರನ್ನು ಪೇಂಟ್ ಪೆನ್ನಿನಿಂದ ವಾಲ್ವ್ ಕವರಿನ ಮೇಲೆಯೇ ಬರೆ. ಶೋ ಕಾರಿನವರು ನೋಡಿ ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಆಗಸ್ಟಿನ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್, ಹಳೇ ಕಾರುಗಳ ಮೆರವಣಿಗೆ. 1995ರಿಂದ ನಡೆಯುತ್ತಿದೆ, ಅರವತ್ತರ ದಶಕದಲ್ಲಿ ಹುಡುಗರು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ರೇಸ್ ಹಚ್ಚುತ್ತಿದ್ದ ಅದೇ ರಸ್ತೆ. ಈ ವರ್ಷ ನಿನ್ನ ಕಾರು ತರಬೇಡ, ನೀನು ಮಾತ್ರ ಬಾ. ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುವ ಮುದುಕರಲ್ಲಿ ಎಷ್ಟೋ ಜನ ಇಂಥ ಕಾರುಗಳನ್ನು ಲೈನಿನಲ್ಲಿ ನಿಂತು ಜೋಡಿಸಿದವರು. ಎಂಜಿನ್ ಬಗ್ಗೆ ಕೇಳಿದರೆ ಎಲ್ಲರಿಗೂ ಹೇಳುವ ಉತ್ತರವನ್ನೇ ನಿನಗೂ ಹೇಳುತ್ತಾರೆ. ಕಾರಿನ ಅಡಿಭಾಗ ನೋಡಬಹುದಾ ಅಂತ ಕೇಳು, ಆಗ ಮಾತು ಬೇರೆಯಾಗುತ್ತದೆ. ಟಾರ್ಚ್ ತಗೊಂಡು ಬಾ, ಹಳೇ ಜೀನ್ಸ್ ಹಾಕಿಕೋ. ಶುಕ್ರವಾರ ರಾತ್ರಿಯೇ ನಮ್ಮ ಮನೆಗೆ ಬಂದುಬಿಡು, ಬೆಳಿಗ್ಗೆ ಹೊರಟರೆ ಆ ರಸ್ತೆಯಲ್ಲಿ ಪಾರ್ಕಿಂಗ್ ಸಿಗುವುದಿಲ್ಲ.

ನಿನ್ನ
ದೊಡ್ಡಪ್ಪ