ಹಲ್ಲು ಹೋದರೆ ಹೋಗಲಿ ಅನ್ನಬೇಡಿ

ಮಕ್ಕಳ ಫೀಸಿಗೆ ಸಂಘದಲ್ಲಿ ಸಾಲ ಎತ್ತುವ ನಾವು, ನಮ್ಮ ಹಲ್ಲಿನ ವಿಷಯ ಬಂದರೆ 'ಆಮೇಲೆ ನೋಡೋಣ' ಅನ್ನುತ್ತೇವೆ. ಆದರೆ ಕಿತ್ತ ದವಡೆ ಹಲ್ಲಿನ ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲುಗಳು ಕ್ರಮೇಣ ಆ ಕಡೆ ವಾಲಬಹುದು. ಅಗಿಯುವುದೂ ಕಷ್ಟ.

ಕ್ಯಾಪ್: ರೂಟ್ ಕೆನಾಲ್ ಮಾಡಿಸಿದ ದವಡೆ ಹಲ್ಲು ಸೀಳುವ ಸಂಭವ ಹೆಚ್ಚು. ನೋವು ನಿಂತಿತೆಂದು ಸುಮ್ಮನಾಗಬೇಡಿ. ವೈದ್ಯರು ಹೇಳಿದರೆ ಕ್ಯಾಪ್ ಹಾಕಿಸಿ.

ಬ್ರಿಡ್ಜ್: ಖಾಲಿ ಜಾಗದ ಎರಡೂ ಬದಿಯ ಹಲ್ಲು ತೇಯ್ದು ಕ್ಯಾಪ್ ಹಾಕಿ, ನಡುವೆ ಕೃತಕ ಹಲ್ಲು ಕೂರಿಸುತ್ತಾರೆ. ತೇಯ್ದ ಹಲ್ಲು ಮತ್ತೆ ಬೆಳೆಯದು. ಆದ್ದರಿಂದ ಕೇಳಿ ತಿಳಿದು ಒಪ್ಪಿಕೊಳ್ಳಿ. ಕಡಿಮೆ ಖರ್ಚಿನಲ್ಲಿ, ತೆಗೆದು ಹಾಕುವ ಸೆಟ್ಟೂ ಸಿಗುತ್ತದೆ.

ಎಚ್ಚರಿಕೆ: ಸಂತೆಯಲ್ಲಿ ಕೂತು ಹಲ್ಲು ಅಂಟಿಸುವವರ ಬಳಿ ಹೋಗಬೇಡಿ. ಕೊಳೆತ ಬೇರಿನ ಮೇಲೆ ಅಂಟಿಸಿದರೆ ಒಸಡಿನಲ್ಲಿ ಕೀವಾಗಿ, ಪಕ್ಕದ ಒಳ್ಳೆಯ ಹಲ್ಲೂ ಹಾಳಾಗಬಹುದು. ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಒಟ್ಟು ಎಷ್ಟಾಗುತ್ತದೆ, ಎಷ್ಟು ಸಲ ಬರಬೇಕು ಎಂದು ಮೊದಲೇ ಕೇಳಿ.

ಕ್ಯಾಪಿನ ಬುಡದಲ್ಲೂ ಹುಳುಕು ಹಿಡಿಯುತ್ತದೆ. ದಿನಕ್ಕೆ 2 ಸಲ ಹಲ್ಲುಜ್ಜೋಣ.

ಸಭೆಯಲ್ಲಿ ಚರ್ಚಿಸಿ:
1. ನಮ್ಮಲ್ಲಿ ಯಾರಿಗೆ ಅಗಿಯಲು ಕಷ್ಟವಾಗುತ್ತಿದೆ?
2. ಹಲ್ಲಿನ ಚಿಕಿತ್ಸೆಗೆ ಸಂಘದಿಂದ ಸಾಲ ಕೊಡಬಹುದೇ?